ಒಂದೇ ಗೆರೆ

ಮೇಡಂ ತೀರಿಕೊಂಡು ಕೆಲವು ದಿನಕ್ಕೆ ಶಿಗ್ಗಾಂವಿಯ ನಮ್ಮ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಬಾಗಿಲಿಗೆ ಕಟ್ಟಿದ ಬ್ಯಾನರ್ ನೋಡಿದ್ದೇ ನನಗೆ ಉರಿ ಹತ್ತಿತು. ‘ಶಾಂತ ಸ್ವಭಾವದ, ಮೃದು ಮಾತಿನ, ಅಜಾತಶತ್ರು ಡಾ.’ ಎಂದು ಶುರುವಾಗಿ ಆಮೇಲೆ ಅವರ ಹೆಸರು. ಶಾಂತ ಸ್ವಭಾವವಂತೆ! ಅವರ ಭೌತಶಾಸ್ತ್ರ ಪ್ರಯೋಗಾಲಯಕ್ಕೂ ನನ್ನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯ ಈಚೆ ಕೂತು ಇಷ್ಟು ವರ್ಷ ಅವರ ಒದರಾಟ ಕೇಳಿದವನು ನಾನು. ಅಜಾತಶತ್ರು ಎನ್ನುವ ಮಾತಿಗೆ ಕ್ಯಾಂಟೀನಿನವನಿಂದ ಹಿಡಿದು ಪ್ರಿನ್ಸಿಪಾಲರ ತನಕ ಯಾರೂ ಸಾಕ್ಷಿ ಹೇಳಲಾರರು. ಇರಲಿ, ಸತ್ತವರ ಮೇಲೆ ಇಂಥ ಮಾತು ನಾಲ್ಕು ಹೆಚ್ಚೇ ಬೀಳುತ್ತವೆ ಎಂದು ಅವನ್ನೆಲ್ಲ ನುಂಗಿಕೊಂಡೆ. ನುಂಗಲಾಗದ್ದು ಆ ‘ಡಾ.’ ಒಂದು.

ಪ್ರಿನ್ಸಿಪಾಲರನ್ನು ಬದಿಗೆ ಕರೆದು ಹೇಳಿದೆ. “ಮೇಡಂ ಡಾಕ್ಟರೇಟ್ ಮಾಡಿರ್ಲಿಲ್ರಿ ಸರ.”

“ಗೊತ್ತೈತ್ರಿ. ಗೌರವಕ್ಕ ಹಾಕೇವಿ. ಫಾರಿನ್ನಿಗೆ ಹೋಗಿ ಅಷ್ಟು ವರ್ಷ ರಿಸರ್ಚ್ ಮಾಡಿದ್ರಲ್ಲ, ಅದೇನ್ ಕಡಿಮಿ ಆತು? ಲ್ಯಾಬಿಗೆ ಅವರ ಹೆಸರ ಇಡಾಕತ್ತೇವಿ, ಬೋರ್ಡಿನ ಮ್ಯಾಲೂ ಹಂಗ ಬರಸೇವಿ. ಇವತ್ತೊಂದಿನ ತಕರಾರು ತಗೀಬ್ಯಾಡ್ರಿ.”

ಅವರು ಹೇಳಿದ್ದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಆ ಒಂದಕ್ಷರ, ಆ ಒಂದು ಚುಕ್ಕೆ, ಅದನ್ನು ಮೇಡಂ ಬೇಡ ಎಂದಿದ್ದರು. ಒಮ್ಮೆ ವಯಸ್ಸಿದ್ದಾಗ, ಇನ್ನೊಮ್ಮೆ ತಲೆಕೂದಲು ಬೆಳ್ಳಗಾದಾಗ. ಬೇಡ ಎಂದದ್ದಕ್ಕೆ ಏನೇನು ಕಳೆದುಕೊಂಡರು ಎಂಬುದು ನನಗೆ ಗೊತ್ತು. ಈಗ ಬಾಯಿಲ್ಲದ ಹೊತ್ತು ನೋಡಿ ಅದನ್ನೇ ತಂದು ಹೆಸರಿನ ಮುಂದೆ ಅಂಟಿಸುವುದೆಂದರೆ ಏನು? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ, ಬರೆದರೆ ಅದರ ಮುಂದೆ ಏನು ಹಾಕಬೇಕೆಂಬ ಜಗಳ ಮತ್ತೆ ಶುರುವಾಗುತ್ತದೆ.

ಮೇಡಂ ಗಿಡ್ಡ ಆಳು. ಬೋರ್ಡಿನ ಮೇಲ್ತುದಿಗೆ ಬರೆಯಲು ಸ್ಟೂಲು ಬೇಕಾಗುತ್ತಿತ್ತು. ತಲೆಯ ಮೇಲಿನ ಸೆರಗು ಒಂದು ಕಡೆ ನಿಂತಿದ್ದನ್ನು ನಾನು ನೋಡಿಲ್ಲ, ಅಷ್ಟು ಬಿರುಸಿನ ನಡಿಗೆ. ಕೊರಳಲ್ಲಿ ಸರದ ಜೊತೆಗೆ ಒಂದು ಸ್ಟಾಪ್‌ವಾಚು ಜೋತಾಡುತ್ತಿತ್ತು. ಸವಣೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದರು, ಚೀಲದಲ್ಲಿ ಯಾವಾಗಲೂ ಒಂದು ಡಬ್ಬಿ ಸವಣೂರು ಖಾರ, ಆ ಊರಿನ ಹೆಸರಾದ ಕುರುಕಲು ತಿಂಡಿ, ಇರುತ್ತಿತ್ತು. ಜಗಳ ಆಡಿದ ಮೇಲೆ ಆ ಡಬ್ಬಿ ತೆಗೆದು, ಯಾರ ಜೊತೆ ಜಗಳವಾಡಿದ್ದರೋ ಅವರ ಮುಂದೆಯೇ ಮೊದಲು ಹಿಡಿಯುತ್ತಿದ್ದರು. ಹಾಗಾಗಿ ಸ್ಟಾಫ್ ರೂಮಿನಲ್ಲಿ ಆ ಖಾರ ಅತಿ ಹೆಚ್ಚು ತಿಂದವರು ನಮ್ಮ ಪ್ರಿನ್ಸಿಪಾಲರು.

ಅವರದೊಂದು ಪ್ರಶ್ನೆ ಇತ್ತು. ಅದನ್ನು ಕೇಳಿ ಕೇಳಿ ಎಲ್ಲರಿಗೂ ಸಾಕಾಗಿತ್ತು. ಕ್ಯಾಂಟೀನಿನವನು “ಸಕ್ರಿ ಕಡಿಮಿ ಹಾಕೇನ್ರಿ ಮೇಡಂ” ಎಂದರೆ ಸಾಕು, “ನೋಡಿ ಹೇಳಾಕತ್ತೀಯೋ, ಅಂದಾಜಿಗೆ ಹೇಳಾಕತ್ತೀಯೋ?” ಎನ್ನುವರು. ಬಸ್ಸು ಈಗ ಬರುತ್ತದೆ ಎಂದ ಕಂಟ್ರೋಲರನಿಗೂ ಇದೇ ಪ್ರಶ್ನೆ. ಹೊಸದಾಗಿ ಮದುವೆಯಾದ ನಮ್ಮ ಕ್ಲಾರ್ಕು ಹೆಂಡತಿ ಭಾಳ ಸಮಾಧಾನದವಳು ಎಂದಾಗಲೂ ಇದೇ ಪ್ರಶ್ನೆ. ಪಾಪ, ಅವನು ನಕ್ಕು ಫೈಲು ಎತ್ತಿಕೊಂಡು ಎದ್ದ.

ಪ್ರಯೋಗಾಲಯದಲ್ಲಿ ರಬ್ಬರು ತರುವಂತಿರಲಿಲ್ಲ. ಯಾರ ಕೈಯಲ್ಲಾದರೂ ಕಂಡರೆ ಕಸಿದು ಡ್ರಾಯರಿಗೆ ಎಸೆಯುತ್ತಿದ್ದರು, ಆ ಡ್ರಾಯರು ಕಡೆಗೆ ಮುಚ್ಚಲು ಬರದಂತಾಗಿತ್ತು. “ರೀಡಿಂಗ್ ತಪ್ಪಿತೇನು? ತಪ್ಪಲಿ. ಅಳಸಬ್ಯಾಡ್ರಿ. ಒಂದ ಗೆರಿ ಹೊಡೀರಿ. ಕೆಳಗಿಂದು ಓದಾಕ ಬರಬೇಕು. ಪಕ್ಕಕ್ಕ ಸಹಿ ಹಾಕ್ರಿ, ಹೊಡದಾವರು ಯಾರಂತ ಗೊತ್ತಾಗಲಿ.” ಗೋಡೆಯ ಈಚೆ ನನ್ನ ಹುಡುಗರಿಗೂ ಇದು ಬಾಯಿಪಾಠವಾಗಿತ್ತು.

ಅವರು ಯುರೋಪಿನಲ್ಲಿ ಏನು ಮಾಡುತ್ತಿದ್ದರು ಎಂಬುದು ನನಗೆ ಬಹಳ ದಿನ ಸರಿಯಾಗಿ ತಿಳಿದಿರಲಿಲ್ಲ. ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸನ್ನು ತೂಗುತ್ತಿದ್ದರಂತೆ ಎನ್ನುವಷ್ಟು ಗೊತ್ತಿತ್ತು. ಅದು ತಲೆಗೆ ಹತ್ತಿದ್ದು ಸವಣೂರಿನಲ್ಲಿ, ಅವರ ಮನೆಯ ಅಂಗಳದಲ್ಲಿ. ಒಂದು ಮದುವೆಗೆ ಹೋಗಿದ್ದೆ, ಮೇಡಂ ಹಿಡಿದು ಮನೆಗೆ ಕರೆದುಕೊಂಡು ಹೋದರು. ಅವರದು ಎಲೆ ವ್ಯಾಪಾರದ ಮನೆತನ. ಅವರ ತಂದೆ ಕಟ್ಟೆಯ ಮೇಲೆ ಕೂತು ಒದ್ದೆ ಗೋಣಿಯ ಮೇಲಿಂದ ವೀಳ್ಯದೆಲೆ ಎತ್ತಿ ಎತ್ತಿ ಎಣಿಸಿ ಕಟ್ಟು ಕಟ್ಟುತ್ತಿದ್ದರು. ನಾನು ಹಿರೇಕೆರೂರು ಕಡೆಯವನು, ಜೋಳ ಹತ್ತಿ ಎಲ್ಲ ತಕ್ಕಡಿಯಲ್ಲೇ ನೋಡಿದವನು. “ತೂಗಿ ಕೊಟ್ರ ಲಗೂ ಆಗ್ತಿತ್ತಲ್ರಿ” ಎಂದುಬಿಟ್ಟೆ.

ಮುದುಕರು ನನ್ನ ಮುಖ ನೋಡಿದರು. “ಎಲಿ ಯಾರ್ ತೂಗ್ತಾರ್ರಿ ಮಾಸ್ತರ? ನೀರ್ ಚಿಮಕಿಸಿದ್ರ ತೂಕ ಏರ್ತೈತಿ. ಎಣಿಕಿ ಏರೂದಿಲ್ಲ.”

ಮೇಡಂ ಒಳಗಿಂದ ಚಹಾ ತರುತ್ತಿದ್ದವರು ಅಲ್ಲೇ ನಿಂತು ಕುಣಿಯುವುದೊಂದು ಬಾಕಿ. “ಕೇಳಿದ್ರೇನ್ರಿ ಸರ? ನಾ ಅಲ್ಲಿ ಮಾಡಿದ್ದೂ ಇದ! ನಾವೂ ತೂಗೂದಿಲ್ಲ, ಎಣಸ್ತೇವಿ.”

ಆಮೇಲೆ ಒಂದು ಖಾಲಿ ಲೋಟ ಹಿಡಿದು ವಿವರಿಸಿದರು. ಇಷ್ಟು ಅಗಲದ ಒಂದು ಬೋನು. ಗಾಳಿ ಸಹ ಇಲ್ಲದ ಖಾಲಿ ಜಾಗ. ಸುತ್ತ ದೊಡ್ಡ ಆಯಸ್ಕಾಂತ, ಮೇಲೆ ಕೆಳಗೆ ವಿದ್ಯುತ್ತಿನ ತಡೆ. ಅದರೊಳಗೆ ಒಂದು ವಿದ್ಯುದಂಶವುಳ್ಳ ಕಣ, ಅಯಾನು, ಬಿಟ್ಟರೆ ಅದು ಎಲ್ಲಿಗೂ ತಪ್ಪಿಸಿಕೊಳ್ಳಲಾರದೆ ಸುತ್ತುತ್ತದೆ. ಹಗುರಾದದ್ದು ಬೇಗ ಸುತ್ತುತ್ತದೆ, ಭಾರವಾದದ್ದು ನಿಧಾನ. ಒಂದು ಸೆಕೆಂಡಿನೊಳಗೆ ಲಕ್ಷಗಟ್ಟಲೆ ಸುತ್ತು. ತೂಕ ಗೊತ್ತಿರುವ ಇನ್ನೊಂದು ಅಯಾನಿನ ಸುತ್ತಿನ ಜೊತೆ ಇದರ ಸುತ್ತನ್ನು ಹೋಲಿಸಿದರೆ ಇದರ ತೂಕ ಸಿಕ್ಕಿತು. ಪಂಚಾಯಿತಿ ಏನೆಂದರೆ, ಅವರಿಗೆ ಬೇಕಾದ ನ್ಯೂಕ್ಲಿಯಸ್ಸುಗಳು ಹುಟ್ಟಿದ ಕ್ಷಣದಿಂದ ಸಾಯಲಿಕ್ಕೆ ಹತ್ತಿದಂಥವು. ಕಣ್ಣು ಪಿಳುಕಿಸುವುದರೊಳಗೆ ಅದು ಅದಾಗಿ ಉಳಿದಿರುವುದಿಲ್ಲ. ಅಷ್ಟರೊಳಗೆ ಹಿಡಿದು, ತಣಿಸಿ, ಬೋನಿಗೆ ಬಿಟ್ಟು, ಎಣಿಸಿ ಮುಗಿಸಬೇಕು. ಆ ತೂಕ ಗೊತ್ತಾದರೆ ಅದರೊಳಗಿನ ಕಣಗಳು ಎಷ್ಟು ಬಿಗಿಯಾಗಿ ಕೂಡಿಕೊಂಡಿವೆ ಎಂಬುದು ಗೊತ್ತಾಗುತ್ತದೆ. ನಕ್ಷತ್ರದೊಳಗೆ ಬಂಗಾರ ಹೇಗೆ ಹುಟ್ಟುತ್ತದೆ ಎನ್ನುವ ಲೆಕ್ಕಕ್ಕೂ ಅದೇ ಬೇಕು.

ತಂದೆ ಎಲೆ ಎಣಿಸುವುದನ್ನು ನಿಲ್ಲಿಸದೆ ಕೇಳಿದರು. “ಅಷ್ಟು ಲಗೂ ಸಾಯೂದನ್ನ ಹಿಡದು ತೂಕ ನೋಡಿ ಏನ್ ಮಾಡ್ತಿ ಬೇಟಾ?”

“ಲಗೂ ಸಾಯ್ತೈತಿ ಅಂದ್ರ ಅದಕ್ಕ ತೂಕ ಇಲ್ಲೇನು ಅಬ್ಬಾ?” ಎಂದರು ಮೇಡಂ. ನಗುತ್ತ ಹೇಳಲಿಲ್ಲ, ಜಗಳಕ್ಕೆ ನಿಂತವರ ಹಾಗೆಯೇ ಹೇಳಿದರು.

ಅವರ ಸಿಟ್ಟಿನ ಬೇರು ಎಲ್ಲಿದೆ ಎಂದು ನನಗೆ ತಿಳಿದದ್ದು ಒಂದು ಪ್ರಾಕ್ಟಿಕಲ್ ಪರೀಕ್ಷೆಯ ದಿನ. ನಮ್ಮ ಕಡೆ ವಿಜ್ಞಾನ ಓದಿದವರಿಗೆ ಹೇಳಬೇಕಾಗಿಲ್ಲ, ಪ್ರಾಕ್ಟಿಕಲ್ ಎಂದರೆ ಉತ್ತರದಿಂದ ಶುರು ಮಾಡಿ ಹಿಂದಕ್ಕೆ ಬರುವುದು. ಪುಸ್ತಕದಲ್ಲಿ ಉತ್ತರ ಇರುತ್ತದೆ. ಅದು ಬರಬೇಕಾದರೆ ರೀಡಿಂಗು ಎಷ್ಟಿರಬೇಕು ಎಂದು ಉಲ್ಟಾ ಲೆಕ್ಕ ಹಾಕಿ, ಸಂಶಯ ಬರದಂತೆ ಅಲ್ಲಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಮಾಡಿ ತುಂಬುವುದು. ನಾನೂ ಹಾಗೇ ಪಾಸಾದವನು, ನನ್ನ ಮೇಷ್ಟರೂ ಹಾಗೇ. ಇದನ್ನು ಯಾರೂ ಕಳ್ಳತನ ಎಂದುಕೊಂಡಿರಲಿಲ್ಲ, ಮೇಡಂ ಒಬ್ಬರನ್ನು ಬಿಟ್ಟು.

ಆ ವರ್ಷ ಒಂದು ಪ್ರಯೋಗ ಇತ್ತು. ಹಿತ್ತಾಳೆ ತಂತಿಗೆ ಭಾರದ ಒಂದು ತಟ್ಟೆ ತೂಗುಹಾಕಿ, ಸ್ವಲ್ಪ ತಿರುಚಿ ಬಿಟ್ಟು, ಅದು ಆಚೆ ಈಚೆ ತಿರುಗುವುದನ್ನು ಎಣಿಸಿ ತಂತಿಯ ಬಿಗಿತನ ಕಂಡುಹಿಡಿಯುವುದು. ಪರೀಕ್ಷೆಯ ಹಿಂದಿನ ದಿನ ಹಳೆಯ ತಂತಿ ಹರಿಯಿತು. ಪೇಟೆಯಿಂದ ಹಿತ್ತಾಳೆ ತಂತಿ ತರಿಸಿ ಹಾಕಿದರು. ತಂತಿ ಹಳದಿಯಾಗಿ ಥಳಥಳ ಹೊಳೆಯುತ್ತಿತ್ತು. ಪರೀಕ್ಷೆಯಲ್ಲಿ ಆ ಪ್ರಯೋಗ ಬಂದವರೆಲ್ಲ ಪುಸ್ತಕದ ಉತ್ತರ ಬರೆದರು, ಚೂರೂ ಹೆಚ್ಚುಕಡಿಮೆ ಇಲ್ಲ. ಮಾಸೂರಿನ ಒಬ್ಬ ಹುಡುಗಿ ಮಾತ್ರ ಅದರ ಎರಡರಷ್ಟು ಬರೆದಿದ್ದಳು. ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಅವಳ ತಾಯಿ ನಾಟಿ ಹಚ್ಚಲು ಹೋಗುತ್ತಿದ್ದಳು. ಹುಡುಗಿಗೆ ಎಂ.ಎಸ್ಸಿ ಓದುವ ಆಸೆ ಇತ್ತು, ಈ ಮಾರ್ಕ್ಸು ಹೋದರೆ ಸೀಟೂ ಹೋಗುತ್ತಿತ್ತು.

ಹೊರಗಿನಿಂದ ಬಂದ ಪರೀಕ್ಷಕರು ಅವಳ ಉತ್ತರಕ್ಕೆ ಕೆಂಪು ಸುತ್ತು ಹಾಕಿದರು. “ಏನವ್ವಾ, ಹಿತ್ತಾಳಿಗೆ ಇಷ್ಟು ಬರ್ತೈತೇನು? ಪುಸ್ತಕ ತಗದು ನೋಡಿಯೇನು?”

ಹುಡುಗಿ ಅಳುವ ಹಾಗಾದಳು. “ಪುಸ್ತಕದಾಗ ಬ್ಯಾರೆ ಐತ್ರಿ ಸರ. ತಂತಿ ಹಿಂಗ ಹೇಳ್ತು.”

ಅಷ್ಟೇ ಸಾಕಾಯಿತು. ಗೋಡೆಯ ಈಚೆ ನನಗೆ ಸ್ಟೂಲು ಎಳೆದ ಸದ್ದು ಕೇಳಿಸಿತು. ಓಡಿಹೋಗಿ ನೋಡಿದರೆ ಮೇಡಂ ಪರೀಕ್ಷಕರನ್ನು ಆ ತಂತಿಯ ಮುಂದೆ ಕೂರಿಸಿ, ಕೊರಳಿನ ಸ್ಟಾಪ್‌ವಾಚು ತೆಗೆದು ಅವರ ಕೈಗಿಟ್ಟಿದ್ದರು. “ತಪ್ಪು ಅಂತ ನೋಡಿ ಹೇಳಾಕತ್ತೀರೋ, ಗೊತ್ತೈತಿ ಅಂತ ಹೇಳಾಕತ್ತೀರೋ? ನೀವ ಎಣಸ್ರಿ. ಎಣಸೂ ತನಕ ಒಂದು ಮಾರ್ಕೂ ಬರಿಯಾಂಗಿಲ್ಲ.”

“ಮೇಡಂ, ನಾ ಎಕ್ಸಾಮಿನರ್ ಅದೇನ್ರಿ.”

“ಅದಕ್ಕ ಹೇಳಾಕತ್ತೇನಿ. ಕುಂದ್ರಿ.”

ಅವರು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಲೆಕ್ಕ ಹಾಕಿದಾಗ ಹುಡುಗಿಯ ಉತ್ತರವೇ ಬಂತು. ಮೇಡಂ ಬ್ಲೇಡು ತಂದು ತಂತಿಯನ್ನು ಕೆರೆದರು, ಹಳದಿ ಬಣ್ಣದ ಒಳಗೆ ಕಬ್ಬಿಣ ಇತ್ತು. ಅಂಗಡಿಯವನು ಹಿತ್ತಾಳೆ ಲೇಪದ ಕಬ್ಬಿಣದ ತಂತಿ ಕೊಟ್ಟಿದ್ದ. ಅದು ಮೇಡಮ್ಮಿಗೂ ಗೊತ್ತಿರಲಿಲ್ಲ, ಆಮೇಲೆ ಅವರೇ ಹೇಳಿದರು. ಪರೀಕ್ಷಕರು ಒಳ್ಳೆಯವರು, ಬೆವರು ಒರೆಸಿಕೊಂಡು ನಕ್ಕುಬಿಟ್ಟರು. ತಮ್ಮ ಕೆಂಪು ಸುತ್ತಿನ ಮೇಲೆ ತಾವೇ ಒಂದು ಗೆರೆ ಹೊಡೆದು ಸಹಿ ಹಾಕಿದರು. ಉಳಿದ ಹುಡುಗರನ್ನು ಮೇಡಂ ಸುಮ್ಮನೆ ಬಿಡಲಿಲ್ಲ, ಎಲ್ಲರಿಂದ ಮತ್ತೆ ಮೊದಲಿನಿಂದ ಮಾಡಿಸಿದರು. ಅವತ್ತು ಊರಿಗೆ ಹೋಗುವ ಬಸ್ಸು ತಪ್ಪಿಸಿಕೊಂಡವರೆಲ್ಲ ಅವರಿಗೆ ಹಿಡಿಶಾಪ ಹಾಕಿದರು. ಪ್ರಿನ್ಸಿಪಾಲರು ಕರೆದು ಬೈದರು. ಮೇಡಂ ಖಾರದ ಡಬ್ಬಿ ಮುಂದೆ ಹಿಡಿದರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಕೇಳಿದೆ. “ಅಲ್ರಿ ಮೇಡಂ, ಅವರನ್ನ ಬದಿಗೆ ಕರದು ಮೆತ್ತಗ ಹೇಳಬಹುದಿತ್ತಲ್ರಿ. ಇಷ್ಟ್ಯಾಕ ಮೈಮ್ಯಾಲೆ ಹಾಕ್ಕೋತೀರಿ?”

ಸವಣೂರು ಬಸ್ಸು ಬಂದು ಹೋಯಿತು, ಅವರು ಹತ್ತಲಿಲ್ಲ. ಹೇಳಲು ಶುರು ಮಾಡಿದರು.

ಬೋನಿನಲ್ಲಿ ಸುತ್ತುವ ಅಯಾನುಗಳನ್ನು ಬೇರೆ ಬೇರೆ ತಾಳದಲ್ಲಿ ವಿದ್ಯುತ್ತು ಹಾಯಿಸಿ ಕೆಣಕಿ ನೋಡುತ್ತಾರೆ. ಅದರ ಸುತ್ತಿಗೆ ಸರಿಹೊಂದುವ ತಾಳ ಸಿಕ್ಕಾಗ ಗ್ರಾಫಿನಲ್ಲಿ ಒಂದು ತಗ್ಗು ಬೀಳುತ್ತದೆ. ತಗ್ಗು ಎಲ್ಲಿ ಬಿತ್ತು ಎಂಬುದರ ಮೇಲೆ ತೂಕ. ಮೇಡಂ ಅಲ್ಲಿ ತೂಗಿದ ನ್ಯೂಕ್ಲಿಯಸ್ಸಿನದು ಒಂದೇ ತಗ್ಗು ಬೀಳಬೇಕಿತ್ತು. ಅವರಿಗೆ ಎರಡು ಕಂಡವು. ಒಂದು ದೊಡ್ಡದು, ಅದರ ಪಕ್ಕದಲ್ಲಿ, ಸ್ವಲ್ಪ ಭಾರದ ಕಡೆ, ಒಂದು ಸಣ್ಣದು. ಅವರ ಗೈಡು ದೊಡ್ಡ ಹೆಸರಿನ ಮನುಷ್ಯ. ಸಣ್ಣದು ಕಲಬೆರಕೆ, ಇನ್ಯಾವುದೋ ಅಯಾನು ನುಸುಳಿದೆ, ತೆಗೆದುಹಾಕು ಎಂದರು. ಇವರು ಕೂತು ಪರೀಕ್ಷೆ ಮಾಡಿದರು. “ಕಲಬೆರಕಿ ಆಗಿದ್ರ ಎಷ್ಟೊತ್ತು ತಡದು ನೋಡಿದ್ರೂ ಇರ್ತಿತ್ರಿ ಸರ. ಇದು ತುಸು ತಡದು ನೋಡಿದ್ರ ಸಾಯ್ತಿತ್ತು. ದೊಡ್ಡದು ಸಾಯೂ ಹಂಗ ಇದೂ ಸಾಯ್ತಿತ್ತು. ಎರಡೂ ಒಂದ ನ್ಯೂಕ್ಲಿಯಸ್ಸು. ಒಂದು ತಣ್ಣಗ ಕುಂತದ್ದು, ಇನ್ನೊಂದು ಒಳಗ ಶಕ್ತಿ ಇಟ್ಕೊಂಡು ಕುದಿಯೂದು. ಆ ಶಕ್ತಿಗೂ ತೂಕ ಐತಿ. ಅದಕ್ಕ ಅದು ಒಂದು ಗುಂಜಿ ಭಾರ.”

“ಹಂಗಾದ್ರ ಕುದಿಯಾಕತ್ತಾಗ ನಿಮ್ಮ ತೂಕ ಎಷ್ಟ್ ಏರಬೇಕ್ರಿ ಮೇಡಂ?” ಎಂದೆ. ಅವರು ನಕ್ಕರು. ಅವತ್ತಿನ ದಿನಕ್ಕೆ ಅದೇ ಮೊದಲ ನಗು.

ಆದರೆ ಗೈಡಿಗೆ ಅದು ಬೇಕಿರಲಿಲ್ಲ. ಇಡೀ ತಂಡದ ಹೆಸರಿನ ಪ್ರಬಂಧ ಪ್ರಕಟಣೆಗೆ ತಯಾರಾಗಿತ್ತು, ಎರಡನ್ನೂ ಕೂಡಿಸಿ ಒಂದೇ ಎಂದು ಲೆಕ್ಕ ಹಾಕಿದರೆ ಹಳೆಯ ಪಟ್ಟಿಯಲ್ಲಿದ್ದ ತೂಕಕ್ಕೆ ಸರಿಯಾಗಿ ಕೂಡುತ್ತಿತ್ತು. ನಿನ್ನ ಥೀಸಿಸ್ಸೂ ಅದೇ ಹೇಳಬೇಕು, ಸಣ್ಣ ತಗ್ಗು ಬೇಡ, ಆಮೇಲೆ ನೋಡೋಣ ಎಂದರು. ತಂಡದ ಉಳಿದವರೂ ಇದನ್ನೇ ಪ್ರೀತಿಯಿಂದ ಹೇಳಿದರಂತೆ. ಮೇಡಂ ಆ ಪ್ರಬಂಧದಿಂದ ತಮ್ಮ ಹೆಸರು ತೆಗೆಸಿದರು. ಥೀಸಿಸ್ ಕೊಡದೆ ಸವಣೂರಿಗೆ ಬಂದರು. ಊರಲ್ಲಿ ಫೇಲಾಗಿ ಬಂದಳು ಎಂದರು. ಗೊತ್ತಾಗಿದ್ದ ಒಂದು ಮದುವೆ ಮುರಿಯಿತು, ಹುಡುಗನ ಕಡೆಯವರಿಗೆ ಡಾಕ್ಟರ್ ಸೊಸೆ ಬೇಕಿತ್ತಂತೆ.

“ಕಂಡದ್ದನ್ನ ಅಳಸು ಅಂದ್ರು. ನಾ ಅಳಸಲಿಲ್ಲ. ಇಷ್ಟ ನೋಡ್ರಿ ನನ್ನ ಕತಿ” ಎಂದು ಎದ್ದರು. ಮುಂದಿನ ಬಸ್ಸು ಬಂದಿತ್ತು. ಹತ್ತುವಾಗ ತಿರುಗಿ, “ಆ ಹುಡುಗಿ ಇವತ್ತ ಅತ್ತಿದ್ರ ನನಗ ತಡಕೊಳ್ಳಾಕ ಆಗ್ತಿರ್ಲಿಲ್ಲ” ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಅವರ ಪ್ರಯೋಗಾಲಯದ ಬೋರ್ಡಿನ ಪಕ್ಕ ಒಂದು ಹಾಳೆ ಅಂಟಿಸಿದ್ದರು. ಎರಡು ತಗ್ಗಿನ ಗ್ರಾಫು, ಕೆಳಗೆ ಎರಡಕ್ಕೂ ನಡುವಿನ ಅಂತರ ಇಷ್ಟು ಎಂದು ಶಾಯಿಯಲ್ಲಿ ಒಂದು ಅಂಕಿ. ವಿದ್ಯಾರ್ಥಿಗಳಿಗೆ ಅದು ಏನೆಂದು ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ. ಬಿಸಿಲಿಗೆ ಹಾಳೆ ಹಳದಿಯಾಗುತ್ತ ಬಂತು.

ಬಹಳ ವರ್ಷದ ಮೇಲೆ ಒಂದು ಮಧ್ಯಾಹ್ನ ಮೇಡಂ ನನ್ನ ಪ್ರಯೋಗಾಲಯಕ್ಕೆ ಬಂದರು. ಕೈಯಲ್ಲಿ ಮೊಬೈಲು. ಬೇರೆ ದೇಶದ ಬೇರೆ ತಂಡವೊಂದು ಹೊಸ ಬೋನಿನಲ್ಲಿ ಅದೇ ನ್ಯೂಕ್ಲಿಯಸ್ಸನ್ನು ತೂಗಿತ್ತು. ಎರಡೂ ಇದ್ದವು. ತಣ್ಣಗಿನದು, ಕುದಿಯುವುದು, ಎರಡೂ.

ನಾನು ಕೈಯಲ್ಲಿದ್ದ ಪಿಪೆಟ್ಟು ಕೆಳಗಿಟ್ಟು, “ಮೇಡಂ! ಕಡೀಗೂ ನಿಮ್ಮದ ಖರೇ ಆತು” ಎಂದು ಕೂಗಿದೆ.

“ಅವರು ನೋಡಿದ ಮ್ಯಾಲೆ ಖರೇ ಆತೇನು? ಅವತ್ತೂ ಖರೇನ ಇತ್ತು” ಎಂದು ನನ್ನ ಮೇಲೇ ಹಾರಿದರು. ಆಮೇಲೆ ನನ್ನನ್ನು ಕರೆದುಕೊಂಡು ಹೋಗಿ, ಸ್ಟೂಲು ಹತ್ತಿ, ಆ ಹಳದಿ ಹಾಳೆಯ ಮೇಲಿದ್ದ ತಮ್ಮ ಅಂಕಿಗೆ ಒಂದು ಗೆರೆ ಹೊಡೆದರು. ಕೆಳಗೆ ಹೊಸ ತಂಡದ ಅಂಕಿ ಬರೆದರು. ಪಕ್ಕದಲ್ಲಿ ಸಹಿ. “ಅಂತರ ತಪ್ಪಿತ್ರಿ ನಂದು. ಇವರದು ನನಗಿಂತ ಭಾಳ ಚೊಲೋ ಐತಿ. ತಗ್ಗು ಮಾತ್ರ ತಪ್ಪಿರ್ಲಿಲ್ಲ.” ತಾವು ತಪ್ಪಿದ್ದಕ್ಕೆ ಯಾರಾದರೂ ಅಷ್ಟು ಖುಷಿಪಟ್ಟದ್ದನ್ನು ನಾನು ನೋಡಿದ್ದು ಅವತ್ತೇ.

ಹಳೆಯ ಗೈಡಿನಿಂದಲೂ ಮೇಲ್ ಬಂತು. ಮನುಷ್ಯ ನಿವೃತ್ತನಾಗಿದ್ದ, ಮೆತ್ತಗಾಗಿದ್ದ. ನಿನ್ನ ಥೀಸಿಸ್ ಈಗ ಕೊಡು, ಡಿಗ್ರಿ ಆಗುವಂತೆ ನೋಡಿಕೊಳ್ಳುತ್ತೇನೆ, ಆ ಕಾಲಕ್ಕೆ ಇದ್ದ ಮಾಹಿತಿಯಿಂದ ಯಾವುದನ್ನೂ ಖಚಿತವಾಗಿ ಹೇಳಲು ಬರುತ್ತಿರಲಿಲ್ಲ ಎಂದು ಒಂದು ವಾಕ್ಯ ಸೇರಿಸಿದರೆ ಸಾಕು ಎಂದಿದ್ದ. ನಾನು ಕೈಮುಗಿದು ಬೇಡಿಕೊಂಡೆ. “ಮೇಡಂ, ಒಂದ ಸಾಲು. ಬರದ್ ಒಗೀರಿ. ನಿಮ್ಮ ಅಬ್ಬಾ ಜೀವಂತ ಅದಾರ, ಅವರ ಕಣ್ಮುಂದ ಡಾಕ್ಟರ್ ಆಗ್ರಿ.”

“ಅವತ್ತ ನಾ ಖಚಿತ ಇದ್ದೆ ಸರ. ಖಚಿತ ಇರ್ಲಿಲ್ಲ ಅಂತ ಹೆಂಗ ಬರೀಲಿ?” ಎಂದರು. ಸಣ್ಣ ತಗ್ಗು ಅವತ್ತೇ ಕಂಡಿತ್ತು, ಅದನ್ನು ತೆಗೆಯಲು ಹೇಳಲಾಗಿತ್ತು ಎಂದು ಥೀಸಿಸ್ಸಿನ ಮುನ್ನುಡಿಯಲ್ಲಿ ಬರೆಯಲು ಬಿಟ್ಟರೆ ಕೊಡುತ್ತೇನೆ ಎಂದು ಉತ್ತರಿಸಿದರು. ಆ ಕಡೆಯಿಂದ ಮತ್ತೆ ಮಾತು ಬರಲಿಲ್ಲ. ಮುದುಕರಿಗೆ ವಿಷಯ ಗೊತ್ತಾದಾಗ ಎಲೆ ಎಣಿಸುತ್ತಲೇ, “ನೀರ್ ಚಿಮಕಿಸಾಕ ಹೇಳ್ಯಾನ” ಎಂದರಂತೆ. ಇದನ್ನು ಹೇಳುವಾಗ ಮೇಡಂ ಮುಖ ನೋಡಬೇಕಿತ್ತು.

ಕಾಯಿಲೆ ಬಂದಾಗಲೂ ಅವರು ಬದಲಾಗಲಿಲ್ಲ. ಆಸ್ಪತ್ರೆಗೆ ನೋಡಲು ಹೋದರೆ ಒಳಗಿಂದ ಆ ಧ್ವನಿ ಮೊದಲು ಕೇಳಿಸಿತು. ಒಬ್ಬ ಎಳೆಯ ನರ್ಸು ಜ್ವರ ನೋಡದೆಯೇ ಚಾರ್ಟಿನಲ್ಲಿ ಹಿಂದಿನ ದಿನದ ಅಂಕಿಯನ್ನೇ ಬರೆದಿದ್ದಳು. “ನೋಡಿ ಬರದಿಯೇನವ್ವಾ? ನೋಡಿ ಬರಿ. ನಾ ಇನ್ನೂ ಸತ್ತಿಲ್ಲ, ನಂದೂ ಒಂದು ರೀಡಿಂಗ್ ಐತಿ.” ಆ ಹುಡುಗಿ ಹೆದರಿ ಥರ್ಮಾಮೀಟರು ತಂದಳು. ಮೇಡಂ ದಿಂಬಿನ ಕೆಳಗಿಂದ ಖಾರದ ಡಬ್ಬಿ ತೆಗೆದು ಅವಳಿಗೆ ಕೊಟ್ಟರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಅವತ್ತು.

ಇನ್ನು ಆ ಸಭೆ. ಭಾಷಣಗಳಾದವು. ‘ಡಾಕ್ಟರ್ ಮೇಡಂ’ ಎಂಬ ಮಾತು ಬಂದಾಗಲೆಲ್ಲ ನಾನು ಹಲ್ಲು ಕಚ್ಚಿಕೊಂಡೆ. ಆಮೇಲೆ ಎಲ್ಲರೂ ಪ್ರಯೋಗಾಲಯದ ಕಡೆ ಹೋದೆವು. ಮೇಡಮ್ಮಿನ ತಂದೆ ಬಂದಿದ್ದರು, ಅವರಿಗೆ ಒಂದು ಕುರ್ಚಿ ಹಾಕಿದ್ದರು. ಪ್ರಿನ್ಸಿಪಾಲರು ಬಟ್ಟೆ ಸರಿಸಿದರು. ಬಿಳಿ ಬೋರ್ಡಿನ ಮೇಲೆ ಕಪ್ಪು ಅಕ್ಷರ, ಮೊದಲಿಗೇ ‘ಡಾ.’, ಉಳಿದ ಅಕ್ಷರಗಳಿಗಿಂತ ಒಂದಿಷ್ಟು ದಪ್ಪ. ಎಲ್ಲರೂ ಚಪ್ಪಾಳೆ ತಟ್ಟಿದರು.

“ಇದು ತಪ್ಪೈತ್ರಿ ಸರ” ಎಂದು ಹಿಂದಿನಿಂದ ಯಾರೋ ಎಂದರು. ಆ ಮಾಸೂರಿನ ಹುಡುಗಿ. ಈಗ ತಿಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಕಾಲೇಜು ಬಿಟ್ಟ ಮೇಲೂ ಮೇಡಮ್ಮಿನ ಮನೆಗೆ ಹೋಗಿ ಬರುತ್ತಿದ್ದವಳು, ಡಿಗ್ರಿಯ ಕತೆಯೆಲ್ಲ ಅವರ ಬಾಯಿಂದಲೇ ಕೇಳಿದ್ದವಳು. ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಬಂದಿದ್ದಳು, ಚೀಲ ಇನ್ನೂ ಹೆಗಲ ಮೇಲಿತ್ತು.

ಪ್ರಿನ್ಸಿಪಾಲರು ನಕ್ಕರು. “ಗೌರವಕ್ಕ ಹಾಕೇವವ್ವ.”

“ಗೌರವ ಆದ್ರ ಅವರ ಬ್ಯಾಡ ಅಂದದ್ದನ್ನ ಯಾಕ ಹಾಕೀರ್ರಿ? ಇದನ್ನ ನೋಡಿ ಬರಸಿದ್ರೋ, ಅಂದಾಜಿಗೆ ಬರಸಿದ್ರೋ?”

ಸಾಲಿನಲ್ಲಿ ನಿಂತ ಹಳೆಯ ವಿದ್ಯಾರ್ಥಿಗಳು ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿದರು. ಅದು ಮೇಡಮ್ಮಿನ ಪ್ರಶ್ನೆ, ಧ್ವನಿಯೂ ಹೆಚ್ಚುಕಡಿಮೆ ಅದೇ. ಪ್ರಿನ್ಸಿಪಾಲರು ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ಕಂಡೆ. “ಆತು, ಮುಂದ ಬ್ಯಾರೆ ಬೋರ್ಡ್ ಮಾಡಸೋಣಂತ” ಎಂದರು.

“ಮುಂದ ಯಾಕ್ರಿ, ಈಗ ಆಗಲಿ” ಎಂದು ನಾನು ನುಗ್ಗಿದೆ. ನನ್ನ ಧ್ವನಿ ನನಗೇ ಜೋರೆನಿಸಿತು. ಒಳಗೆ ಹೋಗಿ ಮೇಡಮ್ಮಿನ ಸ್ಟೂಲು ತಂದು ಬಾಗಿಲ ಮುಂದೆ ಇಟ್ಟೆ. ಅವರ ಮೇಜಿನ ಮೇಲಿನ ಮಾರ್ಕರ್ ಪೆನ್ನು ತಂದು ಆ ಹುಡುಗಿಯ ಕೈಗೆ ಕೊಟ್ಟೆ. ಅವಳು ಮುದುಕರ ಕಡೆ ನೋಡಿದಳು. ಅವರು ಅಳುತ್ತಿದ್ದರು. ಆದರೂ ತಲೆ ಎತ್ತಿ, “ಹತ್ತವ್ವಾ” ಎಂದರು.

ಅವಳು ಹತ್ತಿ, ‘ಡಾ.’ ಮೇಲೆ ಒಂದೇ ಒಂದು ಗೆರೆ ಹೊಡೆದಳು.

“ಹೊಡದಿ ಅಂದ್ರ ಪೂರಾ ಅಳಸಿಬಿಡು” ಎಂದರು ಪ್ರಿನ್ಸಿಪಾಲರು, ಸೋತ ಧ್ವನಿಯಲ್ಲಿ. “ಹಿಂಗ ಅಸಹ್ಯ ಕಾಣ್ತೈತಿ.”

“ಅಳಸಾಂಗಿಲ್ರಿ ಸರ. ಕೆಳಗಿಂದು ಓದಾಕ ಬರಬೇಕು. ಅವರು ಬ್ಯಾಡ ಅಂದದ್ದು ಏನು ಅಂತ ಬಂದವರಿಗೆ ಕಾಣಬೇಕು.”

ಗೆರೆಯ ಪಕ್ಕದಲ್ಲಿ ಸಣ್ಣದಾಗಿ ಸಹಿ ಹಾಕಿ ಕೆಳಗಿಳಿದಳು. ನಾನು ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಸ್ಟೂಲು ಹತ್ತಿ, ಅದರ ಕೆಳಗೆ ನನ್ನದೂ ಒಂದು ಸಹಿ ಹಾಕಿದೆ.